ಮರ್ತ್ ಪದಕ್ಕೆ ಒಂದು ವಾಕ್ಯ

"ಅಚ್ಚಮ್ಮಾ, ನಮ್ಮ ಮೇಷ್ಟ್ರ ಹಲ್ಲು ಪುಸ್ತಕದೊಳಗೂ ಬಿದ್ದಿದೆ, ಬಾ ನೋಡು!"

ಹೊಲಿಗೆ ಮೇಜಿನಿಂದ ಬೈಂಡರ್ ಮಾಮ ಹೀಗೆ ಕೂಗಿದಾಗ ಅಚ್ಚಮ್ಮ ತಲೆ ಎತ್ತಲಿಲ್ಲ. ದಿನಕ್ಕೆ ನಾಲ್ಕು ಸಲ ಯಾರನ್ನಾದರೂ ಹೀಗೆ ಆಸೆ ತೋರಿಸಿ ಕರೆದು, ಬಂದವರ ತೋಳಿಗೆ ಒಂದು ಕಟ್ಟು ಕಾಗದ ಹೊರಿಸಿ ಕಳಿಸುವ ಆಸಾಮಿ ಅವನು. ಆದರೆ ಈ ಸಲ ಅವನು ಕನ್ನಡಕ ಹಣೆಗೇರಿಸಿ, ಮಡಿಸಿದ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಗಟ್ಟಿಯಾಗಿ ಓದತೊಡಗಿದ.

"'ಮೇಷ್ಟ್ರ ಹಲ್ಲಿನ ಸೆಟ್ಟು ಗೋಂದಿನ ಡಬ್ಬಿಗೆ ಬಿದ್ದಾಗ, ಕಚೇರಿಯಲ್ಲೆಲ್ಲ ಮರ್ತ್ ಉಕ್ಕಿತು.' ಭೇಷ್! ಇದನ್ನ ಹಾಕೋಕೆ ಅವರು ಹೇಗಮ್ಮಾ ಒಪ್ಪಿದ್ರು?"

ಅಚ್ಚಮ್ಮನ ಕೈಯಲ್ಲಿದ್ದ ಕೆಂಪು ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು. ಅದರ ತುದಿಯಿಂದ ಒಂದು ಕೆಂಪು ಚುಕ್ಕೆ ನಿಧಾನವಾಗಿ ದೊಡ್ಡದಾಗುತ್ತಾ ಹೋಯಿತು. ಅವರು ಒಪ್ಪಿರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ.

ಅವಳು ಆ ಅಚ್ಚುಮನೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಅಚ್ಚುಮನೆಯವಳಾದ್ದರಿಂದ ಅಚ್ಚಮ್ಮ, ಮನೆಯಲ್ಲಿ ಇಟ್ಟ ಹೆಸರನ್ನು ಈಗ ಸಂಬಳದ ಚೀಟಿ ಬಿಟ್ಟರೆ ಯಾರೂ ಕರೆಯುವುದಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಮೊದಲು ಕಾಗದ ಮಡಿಸಲು ಬಂದವಳು. ಮಡಿಸುವಾಗ ಓದುತ್ತಾಳೆ ಎಂದು ಅಚ್ಚುಮನೆಯ ಯಜಮಾನರು ಒಂದು ದಿನ ಬೈದರು. ಓದಿ ತಪ್ಪು ಹುಡುಕುತ್ತಾಳೆ ಎಂದು ತಿಳಿದ ಮೇಲೆ ಕುರ್ಚಿ ಕೊಟ್ಟರು. ಅವಳು ಓದುವ ರೀತಿ ಎಲ್ಲರಿಗೂ ಗೊತ್ತು. ಎಡಗೈ ತೋರುಬೆರಳು ಒಂದೊಂದೇ ಅಕ್ಷರದ ಕೆಳಗೆ ಸರಿಯುತ್ತದೆ, ಬಾಯಿ ಅದನ್ನು ಮೆಲ್ಲಗೆ ಉಚ್ಚರಿಸುತ್ತದೆ, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ. ಬೆರಳ ಕೆಳಗೆ ಏನಿದೆಯೋ ಅಷ್ಟೇ ಬಾಯಿಗೆ ಬರಬೇಕು. ಇರಬೇಕಾದದ್ದನ್ನು ಓದುವವರು ಕರಡು ತಿದ್ದಲು ನಾಲಾಯಕ್ಕು ಎಂದು ಅವಳು ಹೊಸಬರಿಗೆ ಹೇಳುತ್ತಿದ್ದಳು.

ಈಗ ಅಚ್ಚಾಗಿರುವುದು ಮೇಷ್ಟ್ರ ನಿಘಂಟು. ಇಂಗ್ಲಿಷ್ ಪದ, ನಮ್ಮ ಭಾಷೆಯಲ್ಲಿ ಅರ್ಥ, ಅದರ ಕೆಳಗೆ ಒಂದು ವಾಕ್ಯ. ವಾಕ್ಯವೆಲ್ಲ ನಮ್ಮದು, ನಡುವೆ ಆ ಒಂದು ಪದ ಮಾತ್ರ ಇಂಗ್ಲಿಷಿನದು. ಪದವನ್ನು ಎಲ್ಲಿ ಕೂರಿಸಬೇಕು ಎಂದು ತಿಳಿಯದ ಮಕ್ಕಳಿಗೆ ಅರ್ಥ ಗೊತ್ತಿದ್ದು ಏನು ಉಪಯೋಗ ಎನ್ನುವುದು ಮೇಷ್ಟ್ರ ವಾದ. ಇದಕ್ಕಾಗಿ ಅವರು ಇಪ್ಪತ್ನಾಲ್ಕು ವರ್ಷ ಕಾರ್ಡುಗಳನ್ನು ಬರೆದಿದ್ದರು. ಒಂದು ಪದಕ್ಕೆ ಒಂದು ಕಾರ್ಡು. ವಾಕ್ಯ ಬದುಕಿರುವ ಮನುಷ್ಯರ ಬಾಯಲ್ಲಿ ಬರುವಂಥದ್ದಾಗಿರಬೇಕು. ಸುಮ್ಮನೆ ಹೊಸೆದದ್ದಾದರೆ ತಾವೇ ಹರಿದು ಹಾಕುತ್ತಿದ್ದರು.

ಅಚ್ಚಮ್ಮ ಒಂದು ಪದದ ಬಗ್ಗೆ ಸಂಶಯ ಬರೆದು ಕಳಿಸಿದರೆ, ಮೇಷ್ಟ್ರು ಅವಳಿಗೆಂದೇ ಒಂದು ಕಾರ್ಡು ಬರೆದು ಉತ್ತರಿಸುತ್ತಿದ್ದರು. ಎಷ್ಟು ಓದಿದ್ದೀಯ ಎಂದು ಒಂದು ದಿನವೂ ಕೇಳಿರಲಿಲ್ಲ. ಮುನ್ನುಡಿಯ ಕೊನೆಯಲ್ಲಿ ಅವರು ಬರೆದಿದ್ದ ಸಾಲನ್ನು ಅವಳು ಬೆರಳಿಟ್ಟು ಎಷ್ಟು ಸಲ ಓದಿದ್ದಳೋ ಲೆಕ್ಕವಿಲ್ಲ: "ಈ ಪುಸ್ತಕದ ಕರಡು ತಿದ್ದಿದವರ ಕಣ್ಣು ತಪ್ಪಿಸಿದ ತಪ್ಪು ನನಗೂ ಸಿಗಲಾರದು." ಗಂಡನಿಗೆ ಓದಿ ಹೇಳಿದ್ದಳು. ಮಗಳಿಗೆ ಓದಿ ಹೇಳಿದ್ದಳು. ಅತ್ತೆಗೆ ಕಿವಿ ಮಂದವಾದ್ದರಿಂದ ಎರಡು ಸಲ ಓದಿ ಹೇಳಿದ್ದಳು.

ಆ ವಾಕ್ಯ ಪುಸ್ತಕಕ್ಕೆ ನುಗ್ಗಿದ ಕಥೆ ಮೂರು ತಿಂಗಳ ಹಿಂದಿನದು. ಒಂದು ಪುಟದಲ್ಲಿ ಸಾಲು ಬಿಟ್ಟುಹೋಗಿದೆ ಎಂದು ಮೇಷ್ಟ್ರು ಕೆಂಡಾಮಂಡಲವಾಗಿ ಮೆಟ್ಟಿಲು ಹತ್ತಿ ಬಂದಿದ್ದರು. ಕಂಪ್ಯೂಟರಿನಲ್ಲಿ ಪುಟ ಕಟ್ಟುವವನ ಮೇಜಿನ ಪಕ್ಕ, ಗೋಂದಿನ ಡಬ್ಬಿಯ ಮೇಲೆ ಬಗ್ಗಿ ನಿಂತು, "ಬೇಜವಾಬ್ದಾರಿ" ಎಂಬ ಮಾತನ್ನು ಒತ್ತಿ ಹೇಳುವಷ್ಟರಲ್ಲಿ ಮೇಲಿನ ಹಲ್ಲಿನ ಸೆಟ್ಟು ಹಾರಿ ಡಬ್ಬಿಯೊಳಗೆ ಬಿತ್ತು. ಕೋಣೆಯಲ್ಲಿದ್ದ ಅಚ್ಚಮ್ಮ, ಮಾಮ, ಪುಟದವನು ಮೂವರೂ ಉಸಿರು ಹಿಡಿದರು. ಬೈಂಡರ್ ಮಾಮ ಅದನ್ನು ಎತ್ತಿ, ನಲ್ಲಿಯಲ್ಲಿ ತೊಳೆದು, ಬಿಳಿ ಕಾಗದದಲ್ಲಿ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟ. ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದು ಮಾತಿಲ್ಲದೆ ಇಳಿದುಹೋದರು. ಅವರ ಹೆಜ್ಜೆ ಬೀದಿ ಸೇರುವ ತನಕ ಮೂವರೂ ಕಲ್ಲಿನಂತೆ ಕೂತಿದ್ದರು. ಆಮೇಲೆ ಮೊದಲು ಸಿಡಿದದ್ದು ಅಚ್ಚಮ್ಮ. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು, ನಿಂತಿತು ಎನ್ನುವಾಗ ಇನ್ನೊಬ್ಬರ ಮುಖ ನೋಡಿ ಮತ್ತೆ ಶುರು ಹಚ್ಚಿಕೊಂಡು ಮೂವರೂ ನಕ್ಕರು.

ಅವತ್ತು ಅವಳ ಮುಂದಿದ್ದ ಪುಟದಲ್ಲಿ ಮರ್ತ್ ಎಂಬ ಇಂಗ್ಲಿಷ್ ಪದವಿತ್ತು. ನಗು, ಉಲ್ಲಾಸ ಎಂದು ಅರ್ಥವಿತ್ತು, ವಾಕ್ಯವಿರಲಿಲ್ಲ. "ಆಮೇಲೆ ಕೊಡುವೆ" ಎಂದು ಮೇಷ್ಟ್ರು ಕಾರ್ಡಿನಲ್ಲಿ ಬರೆದಿದ್ದರು. ವಾಕ್ಯ ಬಾರದಿದ್ದರೆ ಪುಟದ ಸಾಲುಗಳು ಮೇಲೆ ಕೆಳಗೆ ಆಗದಿರಲೆಂದು ಅಲ್ಲಿ ಎರಡು ಸಾಲಿನ ಒಂದು ಕಚ್ಚಾ ವಾಕ್ಯ ತುಂಬಿಸಿಡುವುದು ಆ ಅಚ್ಚುಮನೆಯ ಪದ್ಧತಿ. ಆ ವಾಕ್ಯದ ಎರಡು ತುದಿಗೂ ನಕ್ಷತ್ರದ ಗುರುತು ಹಾಕಬೇಕು. ಕೊನೆಯಲ್ಲಿ ನಕ್ಷತ್ರಗಳನ್ನು ಹುಡುಕಿ ಹುಡುಕಿ ಅಸಲಿ ವಾಕ್ಯ ಕೂರಿಸಬೇಕು. ಅಚ್ಚಮ್ಮ ಇನ್ನೂ ನಗುತ್ತಲೇ ಆ ವಾಕ್ಯ ಬರೆದಳು, ಪುಟದವನು ನಗುತ್ತಲೇ ಅದನ್ನು ಟೈಪು ಮಾಡಿದ. ನಕ್ಷತ್ರ ಹಾಕಲು ಇಬ್ಬರಿಗೂ ನೆನಪಾಗಲಿಲ್ಲ. ಇಡೀ ಪುಸ್ತಕದಲ್ಲಿ ನಕ್ಷತ್ರವಿಲ್ಲದ ಕಚ್ಚಾ ವಾಕ್ಯ ಅದೊಂದೇ.

ಅಂದಿನಿಂದ ಮೇಷ್ಟ್ರು ಅಚ್ಚುಮನೆಗೆ ಕಾಲಿಟ್ಟಿರಲಿಲ್ಲ. ಕಾರ್ಡುಗಳನ್ನು ಸೊಸೆ ತಂದುಕೊಡುತ್ತಿದ್ದಳು.

"ಎಷ್ಟು ಹೊಲಿದಿದ್ದೀರಿ ಮಾಮ?" ಅಚ್ಚಮ್ಮ ಕೇಳಿದಳು.

"ಇವು ಯಾವುದೂ ಹೊಲಿದಿಲ್ಲ. ಪೂರ್ತಿ ಆಗಿರೋದು ಒಂದೇ ಪ್ರತಿ. ನಿನ್ನೆ ಮಾಡಿದ್ನಲ್ಲ, ಅದು." ಹೇಳುತ್ತಾ ಹೇಳುತ್ತಾ ಮಾಮನ ಮುಖದ ನಗುವೂ ಇಳಿಯಿತು. "ಬೆಳಗ್ಗೆ ಯಜಮಾನ್ರು ತಗೊಂಡು ಹೋದ್ರು. ಪಕ್ಕದೂರಿಗೆ ಹೋಗೋ ದಾರೀಲಿ ಮೇಷ್ಟ್ರ ಕೈಗೇ ಕೊಟ್ಟು ಹೋಗ್ತೀನಿ ಅಂದ್ರು."

"ಎಷ್ಟು ಹೊತ್ತಾಯ್ತು?"

"ಆಯ್ತಪ್ಪ, ಒಂದು ಗಂಟೆ."

ಪುಟ ಕಟ್ಟುವವನು ಕಂಪ್ಯೂಟರಿನ ಹಿಂದಿನಿಂದ ಕತ್ತು ಚಾಚಿದ. "ಏನೂ ಆಗಲ್ಲ ಅಕ್ಕಾ. ಅಷ್ಟು ದಪ್ಪ ಪುಸ್ತಕ. ಎಮ್ ಅಕ್ಷರಕ್ಕೆ ಬರೋಕೆ ಅವರಿಗೆ ಎರಡು ವಾರ ಬೇಕು."

"ಅವರು ವಾಕ್ಯ ಕೊಡದೇ ಇರೋ ಪದ ಅದೊಂದೇ ಕಣೋ," ಎಂದಳು ಅಚ್ಚಮ್ಮ. "ನೀನಾಗಿದ್ರೆ ಮೊದಲು ಯಾವ ಪುಟ ತೆಗೀತಿದ್ದೆ?"

ಅವನು ಕತ್ತು ಒಳಗೆಳೆದುಕೊಂಡ.

ದಾರಿ ಇದ್ದದ್ದು ಒಂದೇ. ಆ ಒಂದು ಹಾಳೆಯನ್ನು ಹೊಸದಾಗಿ ಅಚ್ಚು ಹಾಕುವುದು. ಹಳೆಯದನ್ನು ಬ್ಲೇಡಿನಿಂದ ಕತ್ತರಿಸಿ, ಬೆನ್ನಿನ ಹತ್ತಿರ ಉಗುರಗಲ ಕಾಗದ ಉಳಿಸಿ, ಅದಕ್ಕೆ ಹೊಸ ಹಾಳೆ ಅಂಟಿಸುವುದು. ಮಾಮನ ಕೈಯಲ್ಲಿ ಅದು ಐದು ನಿಮಿಷದ ಕೆಲಸ, ಅಚ್ಚಮ್ಮನ ಕೈಯಲ್ಲಿ ಹತ್ತು. ಆದರೆ ಹೊಸ ಹಾಳೆಗೆ ಹೊಸ ವಾಕ್ಯ ಬೇಕು, ಸರಿಯಾಗಿ ಎರಡು ಸಾಲಿನದು.

"'ಹಬ್ಬದ ದಿನ ನನಗೆ ಬಹಳ ಮರ್ತ್ ಆಯಿತು' ಅಂತ ಹಾಕಲಾ?" ಎಂದ ಪುಟದವನು.

"ಆಗಲ್ಲ. ಒಬ್ಬರಿಗೆ ಆಗೋದಲ್ಲ ಅದು. ನಾನು ಮರ್ತ್ ಆಗಿದ್ದೀನಿ ಅಂತ ಯಾರೂ ಹೇಳಲ್ಲ. ನಾಲ್ಕು ಜನರ ಮಧ್ಯೆ ಕೇಳಿಸಬೇಕು."

"ಹಾಗಾದ್ರೆ 'ನೆಂಟರ ಮನೆಗೆ ಹೋಗಿ ಮರ್ತ್ ಮಾಡಿದೆವು.'"

"ಮಾಡೋಕೆ ಅದೇನು ಊಟಾನಾ? ಅದು ತಾನಾಗಿ ಬರೋದು."

"ಸಂತೋಷ ಅಂತ ತಾನೇ ಅರ್ಥ?"

"ಸಂತೋಷ ಇದ್ರೂ ಮುಖ ಸುಮ್ಮನಿರಬಹುದು. ಇದು ಹೊರಗೆ ಬಿದ್ದ ನಗು."

ಬೈಂಡರ್ ಮಾಮ ಗೋಂದು ಕಲಸುತ್ತಾ ಗೊಣಗಿದ. "ನಾವು ನಕ್ಕಿದ್ದೇ ಸರಿಯಾದ ವಾಕ್ಯ. ಅದಕ್ಕಿಂತ ಸರಿ ಬೇಕು ಅಂದ್ರೆ ಎಲ್ಲಿಂದ ತರೋಣ?"

ಗಡಿಯಾರದ ಮುಳ್ಳು ಹನ್ನೊಂದನ್ನು ದಾಟಿತು. ಕೊನೆಗೆ ಅಚ್ಚಮ್ಮ ಕಣ್ಣು ಮುಚ್ಚಿ ಹೇಳಿದಳು, ಪುಟದವನು ಹೊಡೆದ: "ಅಂಗಳದಲ್ಲಿ ಮಕ್ಕಳ ಮರ್ತ್ ಕೇಳಿ, ಅಜ್ಜಿ ಕೆಲಸ ಬಿಟ್ಟು ಬಾಗಿಲಿಗೆ ಬಂದಳು." ಎರಡು ಸಾಲು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಬೆರಳಿಟ್ಟು ಮೂರು ಸಲ ಓದಿದಳು. ಹಾಳೆ, ಬ್ಲೇಡು, ಉಕ್ಕಿನ ಅಳತೆಪಟ್ಟಿ, ಸಣ್ಣ ಬಾಟಲಿಯಲ್ಲಿ ಗೋಂದು, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿದಳು.

ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಗಂಡನಿಗೆ ಫೋನು ಮಾಡಿದಳು. ಅವನು ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಅವಳು ಹೇಳಿ ಮುಗಿಸುವ ತನಕ ಹೊಲಿಗೆ ಯಂತ್ರದ ಸದ್ದು ನಿಂತಿತ್ತು.

"ಕಚ್ಚಾ ಹೊಲಿಗೆ ಬಿಚ್ಚದೆ ಗಿರಾಕಿಗೆ ಕೋಟು ಕೊಟ್ಟ ಹಾಗಾಯ್ತಲ್ಲೇ," ಎಂದ. "ನಾನೂ ಒಂದು ಸಲ ಕೊಟ್ಟಿದ್ದೆ. ಮದುಮಗನಿಗೆ. ಬಿಳಿ ದಾರ, ಕರಿ ಕೋಟು."

"ಆಮೇಲೆ?"

"ಆಮೇಲೇನು, ಫೋಟೋದಲ್ಲಿ ಇವತ್ತಿಗೂ ಇದೆ."

"ಧೈರ್ಯ ಹೇಳ್ತೀರಿ ಅಂತ ಫೋನ್ ಮಾಡಿದ್ದು ನಾನು!"

"ಸರಿ, ಧೈರ್ಯವಾಗಿರು," ಎಂದು ಅವನು ಇಟ್ಟುಬಿಟ್ಟ.

ಮೇಷ್ಟ್ರ ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದದ್ದು ಸೊಸೆ. ಒಳಗಿನ ಕಾರಿಡಾರಿನುದ್ದಕ್ಕೂ ಚಪ್ಪಲಿ ಡಬ್ಬಗಳಲ್ಲಿ ಕಾರ್ಡುಗಳನ್ನು ಸೊಂಟದೆತ್ತರಕ್ಕೆ ಪೇರಿಸಿಟ್ಟಿದ್ದರು. ಅಡ್ಡಡ್ಡ ತಿರುಗಿ ನಡೆಯಬೇಕಿತ್ತು.

"ಬನ್ನಿ ಬನ್ನಿ. ಬಂದಾಗಿಂದ ಪುಸ್ತಕ ತೊಡೆ ಮೇಲಿಂದ ಇಳಿದಿಲ್ಲ. ತಿಂಡೀನೂ ಬೇಡವಂತೆ."

"ಎಲ್ಲಿವರೆಗೆ ಓದಿದಾರೆ?" ಅಚ್ಚಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

"ಮುನ್ನುಡಿ ಆಯ್ತು. ಈಗ ಎ ಅಕ್ಷರದಲ್ಲಿದ್ದಾರೆ. ಒಂದೊಂದು ಪದಕ್ಕೂ ಭೂತಗನ್ನಡಿ ಹಿಡಿದರೆ ಇನ್ನೇನು!"

ಎಮ್ ಇನ್ನೂ ದೂರವಿತ್ತು, ಅವಳು ಬೇಗ ಒಳಗೆ ನಡೆದಳು. ಮೇಷ್ಟ್ರು ಕಿಟಕಿಯ ಪಕ್ಕ ಕೂತಿದ್ದರು. ಮೂರು ತಿಂಗಳಲ್ಲಿ ಇಳಿದುಹೋಗಿದ್ದರು. ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿ ನಿಂತಿತ್ತು. ಅವಳು ದಾರಿಯಲ್ಲಿ ಕಟ್ಟಿಕೊಂಡು ಬಂದ ಸುಳ್ಳನ್ನು ಒಂದೇ ಉಸಿರಿಗೆ ಒಪ್ಪಿಸಿದಳು. "ಹೊಲಿಗೆ ಸ್ವಲ್ಪ ಸಡಿಲ ಇದೆ ಅಂತ ಮಾಮ ಹೇಳಿದ್ರು ಮೇಷ್ಟ್ರೇ. ಒಂದು ಹತ್ತು ನಿಮಿಷ ಕೊಡಿ, ಇಲ್ಲೇ ಆಚೆ ಕೂತು ಸರಿ ಮಾಡಿ ಕೊಡ್ತೀನಿ."

"ಹೊಲಿಗೆ ನೆಟ್ಟಗಿದೆ," ಎಂದರು ಮೇಷ್ಟ್ರು, ಪುಸ್ತಕವನ್ನು ಎದೆಗೆ ಅವುಚಿಕೊಂಡು. "ಇಪ್ಪತ್ನಾಲ್ಕು ವರ್ಷಕ್ಕೆ ಕೈಗೆ ಬಂದಿದೆ. ಬಂದ ದಿನವೇ ಕಿತ್ಕೊಳ್ಳೋಕೆ ಬಂದ್ಯಾ? ಕೂತ್ಕೋ."

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಅವರು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ಕಣ್ಣು ಉಜ್ಜಿದರು.

"ಬಂದಿದ್ದು ಒಳ್ಳೇದಾಯ್ತು. ಕಣ್ಣು ಸೋತು ಹೋಗಿದೆ, ನೀನೇ ಓದು. ಒಂದು ಪದಕ್ಕೆ ನಾನು ವಾಕ್ಯ ಕೊಟ್ಟಿರಲಿಲ್ಲ. ಖಾಲಿ ಬಿಟ್ಟಿರ್ತೀರಿ ಅಂದ್ಕೊಂಡಿದ್ದೆ. ನಿಮ್ಮ ಯಜಮಾನ್ರು ಹೇಳಿದ್ರು, ಪುಸ್ತಕದಲ್ಲಿ ಖಾಲಿ ಜಾಗವೇ ಇಲ್ಲವಂತೆ. ನೀನು ಏನು ಹಾಕಿದೀಯ ಓದು ನೋಡೋಣ. ಮರ್ತ್."

ಪುಸ್ತಕ ಅವಳ ತೊಡೆಗೆ ಬಂತು. ಭೂತಗನ್ನಡಿ ಇಲ್ಲದೆ ಅವರಿಗೆ ಒಂದಕ್ಷರವೂ ಕಾಣದು. ಹೊಸ ವಾಕ್ಯ ಅವಳಿಗೆ ಬಾಯಿಪಾಠ: ಅಂಗಳ, ಮಕ್ಕಳು, ಅಜ್ಜಿ, ಬಾಗಿಲು. ಅದನ್ನು ಹೇಳಿಬಿಟ್ಟರೆ ಮುಗಿಯಿತು. ಅವರು ಊಟಕ್ಕೆ ಎದ್ದಾಗ ಹಾಳೆ ಬದಲಿಸಿದರೆ ಯಾವ ದೇವರಿಗೂ ಗೊತ್ತಾಗುವುದಿಲ್ಲ. ಅವಳು ಪುಟ ತೆಗೆದಳು. ಎಡಗೈ ತೋರುಬೆರಳು ಯಾರೂ ಹೇಳದೆ ತಾನಾಗಿ ಹೋಗಿ ಸಾಲಿನ ಕೆಳಗೆ ಕೂತಿತು.

ಬಾಯಿ ತೆರೆದಳು. "ಅಂ" ಎನ್ನಲು ಹೋದಳು. ಬೆರಳ ಕೆಳಗೆ "ಮೇ" ಇತ್ತು.

ಬೆರಳನ್ನು ಎತ್ತಿಬಿಡಬೇಕು ಎಂದು ಅವಳಿಗೆ ಹೊಳೆಯಿತು. ಎತ್ತಲಾಗಲಿಲ್ಲ. ಹೊರಗೆ ಬೀದಿಯಲ್ಲಿ ಯಾರೋ ಅಂಗಡಿಯ ಕಬ್ಬಿಣದ ಬಾಗಿಲು ಎಳೆದ ಸದ್ದಾಯಿತು. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮೇಷ್ಟ್ರು ಕಾಯುತ್ತಿದ್ದರು.

"ಮೇಷ್ಟ್ರ," ಎಂದಳು ಅಚ್ಚಮ್ಮ. ಆಮೇಲೆ ನಿಲ್ಲಿಸಲು ಬರಲಿಲ್ಲ. "ಹಲ್ಲಿನ ಸೆಟ್ಟು ಗೋಂದಿನ ಡಬ್ಬಿಗೆ ಬಿದ್ದಾಗ, ಅಲ್ಪವಿರಾಮ, ಕಚೇರಿಯಲ್ಲೆಲ್ಲ ಮರ್ತ್ ಉಕ್ಕಿತು. ಪೂರ್ಣವಿರಾಮ."

ಸೊಸೆ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಅಚ್ಚಮ್ಮ ಹಾಳೆಯ ಮೇಲಿದ್ದ ತನ್ನ ಬೆರಳನ್ನು ನೋಡುತ್ತಾ ಕೂತಳು.

"ನಕ್ಕಿರಾ?" ಕೊನೆಗೆ ಕೇಳಿದರು.

"ನಕ್ವಿ, ಮೇಷ್ಟ್ರೇ."

"ಮೊದಲು ಯಾರು?"

"ನಾನು."

"ಯಾವಾಗ?"

"ನೀವು ಬೀದಿ ಸೇರಿದ ಮೇಲೆ."

ಮೇಷ್ಟ್ರು ತಲೆಯಾಡಿಸಿದರು. "ಅವತ್ತು ಮೆಟ್ಟಿಲು ಇಳಿಯೋವಾಗ ನಾನು ಬೇಕಂತಲೇ ನಿಧಾನ ಮಾಡಿದೆ. ಒಂದೊಂದು ಮೆಟ್ಟಿಲಿಗೂ ಕಿವಿ ಕೊಟ್ಟೆ. ಯಾರಾದ್ರೂ ನಕ್ಕಿದ್ರೆ ವಾಪಸ್ ಬಂದು, ನಾನೂ ಏನೋ ಒಂದು ಹೇಳಿ ಹೋಗ್ತಿದ್ದೆ. ಪಿಟ್ ಅಂತ ಸದ್ದಿಲ್ಲ. ಓಹೋ, ಇವರ ಪಾಲಿಗೆ ನಾನು ನೋಡಿ ನಗೋಕೂ ಬಾರದಷ್ಟು ಮುದುಕ ಆದೆ ಅಂದ್ಕೊಂಡೆ. ಆಮೇಲೆ ಅಲ್ಲಿಗೆ ಬರೋಕೆ ಮನಸ್ಸಾಗಲಿಲ್ಲ."

"ನಿಮ್ಮ ಮಾನ ಉಳಿಸೋಣ ಅಂತ ತಡ್ಕೊಂಡ್ವಿ," ಎಂದಳು ಅಚ್ಚಮ್ಮ.

"ತಡ್ಕೊಂಡಿದ್ದು ಸರಿ. ಬರೆದಿಟ್ಟಿದ್ದು?" ಈಗ ಅವರ ದನಿ ಏರಿತು. "ಅದೂ ಇರಲಿ. ಪದದ ಅರ್ಥ ಓದು."

"'ಜೊತೆಗಿದ್ದವರೆಲ್ಲ ಸೇರಿ ಬಾಯ್ಬಿಟ್ಟು ನಗುವ ನಗು, ಉಲ್ಲಾಸ.'"

"ಜೊತೆಗೆ ನಾನಿದ್ನಾ? ಒಬ್ಬನನ್ನ ಬೀದಿಗೆ ಕಳಿಸಿ, ಬಾಗಿಲು ಹಾಕ್ಕೊಂಡು ನಗೋ ನಗುವಿಗೆ ಬೇರೆ ಪದಗಳಿವೆ. ಎಸ್ ಅಕ್ಷರದಲ್ಲಿ ಸ್ನೀರ್ ಇದೆ, ಜೆ ಅಕ್ಷರದಲ್ಲಿ ಜೀರ್ ಇದೆ, ಎಲ್ಲ ಅಣಕದ ನಗು. ನೀನೇ ತಿದ್ದಿದ್ದೀಯ. ಈ ವಾಕ್ಯದಲ್ಲಿ ಪ್ರಯೋಗ ತಪ್ಪು. ತೆಗೆದುಹಾಕು."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ತಪ್ಪು ಎಂಬ ಮಾತಿಗೆ ಕಣ್ಣು ತುಂಬಿತು. ಚೀಲದಿಂದ ಹೊಸ ಹಾಳೆ ತೆಗೆದು ಓದಿದಳು. ಅಂಗಳ, ಮಕ್ಕಳು, ಅಜ್ಜಿ.

"ಯಾರ ಅಜ್ಜಿ?"

"ಯಾರದೂ ಅಲ್ಲ, ಮೇಷ್ಟ್ರೇ."

"ಹಾಗೇ ಅನ್ನಿಸ್ತು. ಸತ್ತ ವಾಕ್ಯ," ಎಂದರು ಮೇಷ್ಟ್ರು. "ಆದರೆ ತಪ್ಪಿಲ್ಲ. ನನ್ನ ಹತ್ತಿರವೂ ಬೇರೆ ಇಲ್ಲ. ಇದ್ದಿದ್ರೆ ಅವತ್ತೇ ಕಾರ್ಡು ಕಳಿಸ್ತಿರಲಿಲ್ವಾ? ಇದನ್ನೇ ಹಾಕು."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪುಟದವನು. "ಅಕ್ಕಾ, ಸಾವಿರದ ಇನ್ನೂರು ಪ್ರತಿಗೂ ಹೊಸ ಹಾಳೆ ಹೊಡೀಲಾ? ಯಂತ್ರ ಬಿಸಿಯಾಗಿ ಕಾಯ್ತಾ ಇದೆ. ಬೈದ್ರಾ?"

"ಹೊಡಿ," ಎಂದಷ್ಟೇ ಹೇಳಿ ಇಟ್ಟಳು.

ಮೇಷ್ಟ್ರ ಎದುರಿಗೇ ಅಳತೆಪಟ್ಟಿ ಇಟ್ಟು, ಉಸಿರು ಹಿಡಿದು, ಬ್ಲೇಡು ಎಳೆದಳು. ಹಾಳೆ ಕೈಗೆ ಬಂತು. ಉಳಿದ ಉಗುರಗಲದ ಕಾಗದಕ್ಕೆ ಗೋಂದು ಸವರಿ, ಹೊಸದನ್ನು ಕೂರಿಸಿ, ಉಗುರಿನಿಂದ ಮೇಲಿಂದ ಕೆಳಗೆ ಒತ್ತಿದಳು. ಆಮೇಲೆ ಮುನ್ನುಡಿಯ ಕೊನೆಯ ಪುಟ ತೆಗೆದು, ಅದರ ಮೇಲೆ ಅಳತೆಪಟ್ಟಿ ಇಟ್ಟು, ತಲೆ ತಗ್ಗಿಸಿ ಕೂತಳು.

"ಅದನ್ನ ಯಾಕೆ ತೆಗೆದೆ?"

"ಇದರಲ್ಲಿ ನನ್ನ ಬಗ್ಗೆ ಬರೆದಿದ್ದೂ ತಪ್ಪು, ಮೇಷ್ಟ್ರೇ. ನನ್ನ ಕಣ್ಣು ತಪ್ಪಿಸಿದ್ದು ನಿಮಗೆ ಸಿಕ್ತಲ್ಲ."

ಮೇಷ್ಟ್ರು ಕೈಚಾಚಿ ಅಳತೆಪಟ್ಟಿಯನ್ನು ತೆಗೆದುಕೊಂಡರು. "ನನಗೆಲ್ಲಿ ಸಿಕ್ತು? ನೀನು ಓದಿದ್ದಕ್ಕೆ ಗೊತ್ತಾಯ್ತು. ಒಂದೇ ದಿನ ಎರಡು ಹಾಳೆ ಕತ್ತರಿಸಿದ್ರೆ ನೀನು ಹೇಳಿದ ಹಾಗೆ ಹೊಲಿಗೆ ನಿಜವಾಗಲೂ ಸಡಿಲ ಆಗುತ್ತೆ. ಬಿಡು." ಪುಸ್ತಕವನ್ನು ಎಳೆದುಕೊಂಡು, ಭೂತಗನ್ನಡಿ ಹಿಡಿದು, ಮತ್ತೆ ಎ ಅಕ್ಷರಕ್ಕೆ ತಿರುಗಿದರು. ಅವಳು ಬಾಗಿಲು ದಾಟುವಾಗ ತಲೆ ಎತ್ತದೆ ಹೇಳಿದರು, "ಸೋಮವಾರ ಹತ್ತು ಗಂಟೆಗೆ ಬರ್ತೀನಿ. ಮೂರೂ ಜನ ಇರಿ. ನಗೋದಿದ್ರೆ ಎದುರಿಗೇ ನಗಿ."

ಅದು ಕ್ಷಮೆಯೋ ಬೆದರಿಕೆಯೋ ಅವಳಿಗೆ ತಿಳಿಯಲಿಲ್ಲ. ಮನೆಯಲ್ಲಿ ಗಂಡನನ್ನು ಕೇಳಿದಳು, ಅವನಿಗೂ ತಿಳಿಯಲಿಲ್ಲ. ಶನಿವಾರ ಯಜಮಾನರು ಬಂದಾಗ ಹಾಳೆ ಬದಲಿಸಿದ್ದನ್ನು ತಾನೇ ಹೇಳಿ ಬೈಸಿಕೊಂಡಳು. ಅದು ದೊಡ್ಡದೆನ್ನಿಸಲಿಲ್ಲ, ಸೋಮವಾರ ಎದುರಿಗಿತ್ತು.

ಸೋಮವಾರ ಹತ್ತಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಮಾಮ ಗೋಂದಿನ ಡಬ್ಬಿಯನ್ನು ಮೇಜಿನ ಕೆಳಗೆ ತಳ್ಳಿದ. ಪುಟದವನು ಅಂಗಿಯ ಗುಂಡಿ ಹಾಕಿಕೊಂಡ. ಮೇಷ್ಟ್ರು ಬಂದು ನಡುಕೋಣೆಯಲ್ಲಿ ಕೋಲೂರಿ ನಿಂತರು. ಮೂವರೂ ಪರೀಕ್ಷೆಗೆ ಕೂತವರ ಹಾಗೆ ಸೆಟೆದು ಕೂತಿದ್ದರು. ಅಪ್ಪಣೆ ಕೊಟ್ಟರೆ ನಗು ಬರುತ್ತದೆಯೇ? ಅಚ್ಚಮ್ಮ ತುಟಿ ಹಿಗ್ಗಿಸಲು ನೋಡಿದಳು, ಹಲ್ಲುನೋವಿನವಳ ಮುಖದಂತಾಯಿತು. ಮೇಷ್ಟ್ರು ಒಬ್ಬೊಬ್ಬರ ಮುಖವನ್ನೂ ಬಗ್ಗಿ ನೋಡುತ್ತಾ ಬಂದರು.

"ಏನ್ರಯ್ಯಾ," ಎಂದರು, "ಯಾರು ತೀರ್ಕೊಂಡ್ರು?"

ಮಾಮ ಎದ್ದು ನಿಂತು, ಕೈ ಕಟ್ಟಿ, ಬಹಳ ವಿನಯದಿಂದ, "ಯಾರೂ ಇಲ್ಲ ಸ್ವಾಮಿ, ನಾವು ನಗ್ತಾ ಇದೀವಿ," ಎಂದ.

ಆಮೇಲಿನ ಗದ್ದಲಕ್ಕೆ ಕೆಳಗಿನ ಅಂಗಡಿಯವನು ಏನಾಯಿತೋ ಎಂದು ಮೇಲೆ ಓಡಿ ಬಂದ. ಮೊದಲು ನಕ್ಕವರು ಯಾರು ಎಂಬುದರ ಬಗ್ಗೆ ಆ ಕೋಣೆಯಲ್ಲಿ ಇವತ್ತಿಗೂ ಜಗಳವಿದೆ. ಮಾಮ ಪುಟದವನ ಕಡೆ ಬೆರಳು ತೋರಿಸುತ್ತಾನೆ, ಅವನು ಮಾಮನ ಕಡೆ. ಅಚ್ಚಮ್ಮ ಮಾತ್ರ, ಮೇಷ್ಟ್ರು ಎಂದು ಹೇಳಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು ಮುಂದಿನ ಕರಡಿಗೆ ಬಗ್ಗುತ್ತಾಳೆ.